ಅಗ್ನಿಯೂ ಕಲಾಚರಿತ್ರೆಯೂ

ಕಲಾಚರಿತ್ರೆಯು ಸಾಮಾನ್ಯವಾಗಿ ಉಳಿದುಬಂದ ಕೃತಿಗಳ ಅಧ್ಯಯನವಾಗಿದೆ. ಒಂದು ಚಿತ್ರದ ಕಾಲವನ್ನಾಗಲಿ, ಒಂದು ಮಂದಿರದ ಶೈಲಿಯನ್ನಾಗಲಿ ನಿರ್ಣಯಿಸಲು ಹೊರಟಾಗ ಕೃತಿಯು ನಮ್ಮೆದುರಿಗಿದೆ ಎಂಬುದನ್ನು ನಾವು ವಿಚಾರಿಸದೆಯೇ ಒಪ್ಪಿಕೊಂಡಿರುತ್ತೇವೆ. ಆ ಕೃತಿಯೇ ಸುಟ್ಟುಹೋದ ಪಕ್ಷದಲ್ಲಿ ಈ ಶಾಸ್ತ್ರಕ್ಕೆ ಉಳಿಯುವ ಕೆಲಸವಾದರೂ ಏನು? ಬೇಸಗೆಯ ಬಿಸಿ, ಬರ ಮತ್ತು ಕಾಳ್ಗಿಚ್ಚುಗಳು ಅನೇಕ ದೇಶಗಳಲ್ಲಿ ಹೆಚ್ಚುತ್ತಿರುವ ಈ ಕಾಲದಲ್ಲಿ ಇದು ಕೇವಲ ತಾರ್ಕಿಕವಾದ ಪ್ರಶ್ನೆಯಲ್ಲ. ಅಜಂತೆಯ ಪ್ರತಿಚಿತ್ರಗಳು, ಜಪಾನಿನ ಹೋರ್ಯೂಜಿ ಮಂದಿರ, ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚು—ಈ ಮೂರು ನಿದರ್ಶನಗಳನ್ನು ಪ್ರಧಾನವಾಗಿಟ್ಟುಕೊಂಡು ಅದನ್ನು ಇಲ್ಲಿ ವಿವೇಚಿಸಲಾಗಿದೆ. ಈ ಅಗ್ನಿದುರಂತಗಳು ವಿದ್ವಾಂಸರ ದೃಷ್ಟಿಯನ್ನು ಕೃತಿಯ ರೂಪದಿಂದ ಅದರ ದ್ರವ್ಯದ ಕಡೆಗೂ, ದ್ರವ್ಯದಿಂದ ಅದು ಹುಟ್ಟಿಬಂದ ಪರಿಸರದ ಕಡೆಗೂ ಕ್ರಮವಾಗಿ ತಿರುಗಿಸಿವೆ ಎಂಬುದೇ ಈ ಲೇಖನದ ಪ್ರತಿಪಾದನೆ.

ಮೊದಲನೆಯದಾಗಿ ಅಜಂತೆ. ಮದರಾಸಿನ ಸೈನ್ಯಾಧಿಕಾರಿಯಾಗಿದ್ದ ರಾಬರ್ಟ್ ಗಿಲ್ ಎಂಬಾತನನ್ನು ಈಸ್ಟ್ ಇಂಡಿಯಾ ಕಂಪನಿಯು ೧೮೪೪ರಲ್ಲಿ ಅಲ್ಲಿಯ ಭಿತ್ತಿಚಿತ್ರಗಳ ಪ್ರತಿ ತೆಗೆಯಲು ನೇಮಿಸಿತು. ಆತನು ವರ್ಷಗಟ್ಟಲೆ ದುಡಿದು ತೈಲವರ್ಣದಲ್ಲಿ ಬರೆದ ಪ್ರತಿಗಳನ್ನು ಲಂಡನ್ನಿನ ಸಿಡನ್‌ಹ್ಯಾಮಿನಲ್ಲಿದ್ದ ಸ್ಫಟಿಕ ಭವನದಲ್ಲಿ ಪ್ರದರ್ಶನಕ್ಕೆ ಇಡಲಾಗಿತ್ತು. ೧೮೬೬ರ ಡಿಸೆಂಬರಿನಲ್ಲಿ ಅಲ್ಲಿ ಬೆಂಕಿ ಬಿದ್ದು, ಕೆಲವನ್ನುಳಿದು ಮಿಕ್ಕವೆಲ್ಲ ನಾಶವಾದವು. ಅನಂತರ ಮುಂಬಯಿಯ ಕಲಾಶಾಲೆಯ ಜಾನ್ ಗ್ರಿಫಿತ್ಸ್ ತನ್ನ ವಿದ್ಯಾರ್ಥಿಗಳೊಡನೆ ೧೮೭೨ರಿಂದ ೧೮೮೫ರವರೆಗೆ ಪುನಃ ಪ್ರತಿಗಳನ್ನು ಸಿದ್ಧಪಡಿಸಿದನು. ಅವುಗಳಲ್ಲಿಯೂ ಅನೇಕವು ೧೮೮೫ರಲ್ಲಿ ದಕ್ಷಿಣ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯದ ಬೆಂಕಿಗೆ ಆಹುತಿಯಾದವು.

ಸುಟ್ಟದ್ದು ಮೂಲವಲ್ಲ, ಪ್ರತಿ ಮಾತ್ರ ಎಂದು ಸಮಾಧಾನ ತಾಳುವಂತಿಲ್ಲ. ಗಿಲ್ಲನು ಕಂಡ ಚಿತ್ರಗಳಲ್ಲಿ ಕೆಲವು ಭಾಗಗಳು ಆಮೇಲೆ ಗೋಡೆಯಿಂದ ಉದುರಿಹೋದವು. ಅಂಥ ಭಾಗಗಳಿಗೆ ಆತನ ಪ್ರತಿಯೇ ಸಾಕ್ಷಿಯಾಗಬೇಕಾಗಿದ್ದಿತು. ಇನ್ನೊಂದು ಸಂಗತಿಯೂ ಗಮನಾರ್ಹವಾದುದು. ಚಿತ್ರವು ಸ್ಪಷ್ಟವಾಗಿ ಕಾಣಲೆಂದು ಪ್ರತಿಕಾರರು ಮೂಲಭಿತ್ತಿಯ ಮೇಲೆ ವಾರ್ನಿಷ್ ಬಳಿದರು. ಅದು ಕಾಲಕ್ರಮದಲ್ಲಿ ಹಳದಿಯಾಗಿ ಮೂಲದ ವರ್ಣಗಳನ್ನೇ ಮರೆಸಿತು. ಹೀಗೆ ಕೃತಿಯನ್ನು ಉಳಿಸಲು ಕೈಕೊಂಡ ಉಪಾಯವು ಕೃತಿಗೇ ಬಾಧಕವಾಗಬಲ್ಲುದು ಎಂಬ ಪಾಠವು ಇಲ್ಲಿ ದೊರೆಯಿತು.

ಇದೇ ಪಾಠವು ಇನ್ನೂ ಕಠೋರವಾದ ರೀತಿಯಲ್ಲಿ ಕಂಡುಬಂದುದು ನಾರಾ ಪ್ರಾಂತದ ಹೋರ್ಯೂಜಿಯಲ್ಲಿ. ಅಲ್ಲಿಯ ಮುಖ್ಯ ಮಂದಿರದ ಭಿತ್ತಿಚಿತ್ರಗಳು ಏಳನೆಯ ಶತಮಾನದ ಕೊನೆ ಅಥವಾ ಎಂಟನೆಯ ಶತಮಾನದ ಆದಿಭಾಗಕ್ಕೆ ಸೇರಿದವು. ಅಜಂತೆಯ ಚಿತ್ರಗಳೊಡನೆ ಅವುಗಳಿಗಿರುವ ಸಾದೃಶ್ಯವನ್ನು ವಿದ್ವಾಂಸರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ೧೯೪೦ರಲ್ಲಿ ಪ್ರಾರಂಭವಾದ ಪ್ರತಿಲೇಖನ ಕಾರ್ಯವು ಯುದ್ಧದಿಂದ ತಡೆಗೊಂಡು ಮುಂದುವರಿಯುತ್ತಿದ್ದಾಗ, ೧೯೪೯ರ ಜನವರಿ ೨೬ರ ಮುಂಜಾನೆ ಮಂದಿರದೊಳಗೆ ಬೆಂಕಿ ಹೊತ್ತಿಕೊಂಡಿತು. ಚಿತ್ರಕಾರರು ಚಳಿಗಾಗಿ ಬಳಸುತ್ತಿದ್ದ ವಿದ್ಯುತ್ತಿನ ಮೆತ್ತೆಯೇ ಕಾರಣವೆಂದು ಹಲವರು ಹೇಳಿದರೂ ಅದು ನಿಶ್ಚಿತವಾಗಿ ಸಿದ್ಧಪಟ್ಟಿಲ್ಲ. ಹನ್ನೆರಡು ಭಿತ್ತಿಗಳ ಚಿತ್ರಗಳು ಬೆಂದವು. ವರ್ಣಗಳು ಮಾಯವಾಗಿ, ಆಕೃತಿಗಳ ರೇಖೆಗಳು ಮಾತ್ರ ಮಸಕಾಗಿ ನಿಂತವು.

ಆದರೂ ಸರ್ವನಾಶವಾಗಲಿಲ್ಲ. ಜೀರ್ಣೋದ್ಧಾರಕ್ಕಾಗಿ ಮೇಲಂತಸ್ತಿನ ಭಾಗಗಳನ್ನೂ, ಗಗನಚಾರಿಗಳಾದ ಅಪ್ಸರೆಯರ ಚಿಕ್ಕ ಫಲಕಗಳನ್ನೂ ಮೊದಲೇ ಬಿಚ್ಚಿ ಬೇರೆಡೆ ಇಟ್ಟಿದ್ದುದರಿಂದ ಅವು ಉಳಿದವು. ೧೯೩೫ರಲ್ಲಿ ಭಿತ್ತಿಗಳನ್ನು ಭಾಗಭಾಗವಾಗಿ, ಮೂಲಪ್ರಮಾಣದಲ್ಲಿಯೇ, ಗಾಜಿನ ಫಲಕಗಳ ಮೇಲೆ ತೆಗೆದ ಛಾಯಾಚಿತ್ರಗಳಿದ್ದವು. ೧೯೬೭–೬೮ರಲ್ಲಿ ನಡೆದ ಪುನರ್ಲೇಖನಕ್ಕೆ ಅವೇ ಆಧಾರವಾದವು. ಸುಟ್ಟ ಗೋಡೆಗಳನ್ನಾಗಲಿ ಕಂಬಗಳನ್ನಾಗಲಿ ಎಸೆಯದೆ, ಗಟ್ಟಿಗೊಳಿಸಿ ಪ್ರತ್ಯೇಕವಾದ ಕೋಠಿಯಲ್ಲಿ ಇರಿಸಿರುವುದು ಎಲ್ಲಕ್ಕಿಂತ ಮುಖ್ಯವಾದ ವಿಷಯ. ಹೊಸ ಚಿತ್ರವು ಮಂದಿರದ ಪೂಜಾಸ್ಥಾನವನ್ನು ತುಂಬಿತು. ಸುಟ್ಟ ಗೋಡೆಯು ಚರಿತ್ರೆಯ ದಾಖಲೆಯಾಯಿತು. ಒಂದರ ಸ್ಥಾನವನ್ನು ಇನ್ನೊಂದು ಕಸಿಯಲಿಲ್ಲ. ಈ ದುರಂತದ ಪರಿಣಾಮವಾಗಿ ಜಪಾನಿನಲ್ಲಿ ೧೯೫೦ರಲ್ಲಿ ಸಾಂಸ್ಕೃತಿಕ ಸಂಪತ್ತಿನ ರಕ್ಷಣೆಯ ಶಾಸನವು ಜಾರಿಗೆ ಬಂದಿತು.

ಸುಟ್ಟ ಪದಾರ್ಥವು ದಾಖಲೆಯಾಗಬಲ್ಲುದೆಂಬ ಈ ವಿಚಾರವು ಪ್ಯಾರಿಸ್ಸಿನಲ್ಲಿ ಇನ್ನೂ ಮುಂದಕ್ಕೆ ಬೆಳೆಯಿತು. ೨೦೧೯ರ ಏಪ್ರಿಲ್ ೧೫ರಂದು ನೋತ್ರ್ ದಾಮ್ ಚರ್ಚಿನ ಓಕ್ ಮರದ ಮಧ್ಯಯುಗೀನ ಮಾಡು ಉರಿದು, ಹತ್ತೊಂಬತ್ತನೆಯ ಶತಮಾನದ ಶಿಖರವು ಕುಸಿಯಿತು. ಕೆಳಗೆ ಬಿದ್ದ ತೊಲೆ, ಕಲ್ಲು ಮತ್ತು ಲೋಹದ ತುಂಡುಗಳನ್ನು ಉತ್ಖನನದ ಅವಶೇಷಗಳಂತೆ ಆಯ್ದು, ಗುರುತುಹಾಕಿ, ಪರೀಕ್ಷೆಗೆ ಒಳಪಡಿಸಿದರು. ಕಲ್ಲುಗಳನ್ನು ಬಿಗಿದಿದ್ದ ಕಬ್ಬಿಣದ ಪಟ್ಟುಗಳು ಬೆಂಕಿಯಿಂದ ಹೊರಗೆ ತೋರಿಬಂದವು. ೧೧೬೦ರ ದಶಕದಲ್ಲಿ ಕಟ್ಟಡವು ಆರಂಭವಾದಂದಿನಿಂದಲೇ ಶಿಲ್ಪಿಗಳು ಕಬ್ಬಿಣವನ್ನು ಧಾರಾಳವಾಗಿ ಬಳಸಿದ್ದರೆಂಬುದು ೨೦೨೩ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ಕರಿಕಾದ ತೊಲೆಗಳಾದರೋ ಮತ್ತೊಂದು ಬಗೆಯ ಗ್ರಂಥಗಳಾದವು. ಮರದ ಬೆಳವಣಿಗೆಯ ಉಂಗುರಗಳಿಂದ ಅದನ್ನು ಕಡಿದ ಕಾಲವನ್ನೂ, ಇದ್ದಿಲಿನ ರಾಸಾಯನಿಕ ಪರೀಕ್ಷೆಯಿಂದ ಅದು ಬೆಳೆದ ಕಾಲದ ಹವೆಯನ್ನೂ ಊಹಿಸುವುದು ಸಾಧ್ಯ. ವಾಸ್ತುಶಿಲ್ಪದ ಅವಶೇಷವು ಹೀಗೆ ಮಧ್ಯಯುಗದ ವಾಯುಗುಣದ ಚರಿತ್ರೆಗೂ ಆಕರವಾಗುತ್ತಿದೆ.

ಮರಕ್ಕೆ ಅರಣ್ಯವಿದ್ದಂತೆ ಲೋಹಕ್ಕೂ ಪರಿಸರವುಂಟು. ಚಾವಣಿಯ ಮತ್ತು ಶಿಖರದ ಮೇಲೆ ಹೊದಿಸಿದ್ದ ಸೀಸವು ೪೦೦ ಟನ್ನಿಗೂ ಹೆಚ್ಚಾಗಿದ್ದಿತು. ಅದರ ಧೂಳು ನೆರೆಯ ಬೀದಿಗಳಿಗೂ ಶಾಲೆಗಳಿಗೂ ಹರಡಿ, ೨೦೧೯ರ ಬೇಸಗೆಯಲ್ಲಿ ಕೆಲಸವನ್ನೇ ಕೆಲವು ಕಾಲ ನಿಲ್ಲಿಸಬೇಕಾಯಿತು. ಆದಾಗ್ಯೂ ಮಾಡನ್ನೂ ಶಿಖರವನ್ನೂ ಮೊದಲಿದ್ದಂತೆ ಓಕ್ ಮರ ಮತ್ತು ಸೀಸಗಳಿಂದಲೇ ಕಟ್ಟಲು ತೀರ್ಮಾನಿಸಲಾಯಿತು. ಇದಕ್ಕಾಗಿ ಸುಮಾರು ೨,೦೦೦ ಓಕ್ ಮರಗಳನ್ನು ಕಡಿದರು. ಚರ್ಚು ೨೦೨೪ರ ಡಿಸೆಂಬರಿನಲ್ಲಿ ಪುನಃ ತೆರೆಯಿತು. ಕೃತಿಯ ಯಾಥಾರ್ಥ್ಯಕ್ಕಾಗಿ ಎಷ್ಟು ಅರಣ್ಯವನ್ನು ವೆಚ್ಚಮಾಡಬಹುದು, ನೆರೆಯವರ ಆರೋಗ್ಯಕ್ಕೆ ಎಷ್ಟು ಅಪಾಯವನ್ನು ತರಬಹುದು ಎಂಬ ಪ್ರಶ್ನೆಗಳು ಅಲ್ಲಿ ಬಹಿರಂಗವಾಗಿ ಎದ್ದವು. ಕಲಾಚರಿತ್ರಕಾರನು ಇವನ್ನು ತನ್ನ ಶಾಸ್ತ್ರದ ಹೊರಗಿನವೆಂದು ತಳ್ಳಿಹಾಕುವಂತಿಲ್ಲ.

ಮೇಲಿನ ನಿದರ್ಶನಗಳಲ್ಲಿ ಬೆಂಕಿಯು ಕಟ್ಟಡದೊಳಗೆ ಹುಟ್ಟಿದುದು. ಈಚೆಗೆ ಅದು ಹೊರಗಣ ನೆಲದಿಂದಲೂ ಬರುತ್ತಿದೆ. ೨೦೨೧ರ ಏಪ್ರಿಲ್ ೧೮ರಂದು ಟೇಬಲ್ ಪರ್ವತದ ಇಳಿಜಾರಿನಲ್ಲಿ ಎದ್ದ ಕಾಳ್ಗಿಚ್ಚು ಕೇಪ್‌ಟೌನ್ ವಿಶ್ವವಿದ್ಯಾನಿಲಯದ ಜಾಗರ್ ಗ್ರಂಥಾಲಯಕ್ಕೆ ತಗಲಿ, ಆಫ್ರಿಕಾದ ಅಧ್ಯಯನಕ್ಕೆ ಸಂಬಂಧಿಸಿದ ಮುದ್ರಿತ ಸಂಗ್ರಹದ ಬಹುಭಾಗವನ್ನು ಸುಟ್ಟಿತು. ನೆಲಮಾಳಿಗೆಯ ದಾಖಲೆಗಳನ್ನು ಅಗ್ನಿನಿರೋಧಕ ಬಾಗಿಲುಗಳು ಕಾಪಾಡಿದರೂ ಬೆಂಕಿಯನ್ನಾರಿಸಲು ಸುರಿದ ನೀರು ಅಲ್ಲಿಗೆ ಇಳಿಯಿತು. ೨೦೨೫ರ ಜನವರಿಯಲ್ಲಿ ಲಾಸ್ ಏಂಜಲೀಸ್ ಬಳಿಯ ಗೆಟ್ಟಿ ವಿಲ್ಲಾ ವಸ್ತುಸಂಗ್ರಹಾಲಯವು ಅಂಥದೇ ಬೆಂಕಿಯಿಂದ ಪಾರಾಯಿತು. ಸುತ್ತಣ ಒಣಪೊದೆಗಳನ್ನು ಮುಂಚೆಯೇ ಕಡಿದು, ನೆಲಕ್ಕೆ ನೀರುಣಿಸಿದ್ದುದು ಅದಕ್ಕೆ ನೆರವಾಯಿತು. ಒಂದೊಂದು ಬೆಂಕಿಯ ಹೊಣೆಯನ್ನೂ ನೇರವಾಗಿ ವಾಯುಗುಣದ ಮೇಲೆ ಹೊರಿಸುವುದು ಸರಿಯಲ್ಲ. ಆದರೆ ಬಿಸಿಯೂ ಒಣಹವೆಯೂ ಹೆಚ್ಚಿದಂತೆ ಕಾಡು ಬೇಗ ಹೊತ್ತಿಕೊಳ್ಳುವುದು ಮತ್ತು ಬೇಗ ಹರಡುವುದು ನಿರ್ವಿವಾದ. ಆದಕಾರಣ ಸಂಗ್ರಹಾಲಯದ ರಕ್ಷಣೆಯು ಅದರ ಗೋಡೆಯಿಂದಾಚೆ, ಬೆಟ್ಟದ ಇಳಿಜಾರಿನಲ್ಲಿಯೇ ಪ್ರಾರಂಭವಾಗಬೇಕಾಗಿದೆ.

ಈ ದೃಷ್ಟಿಯು ನಮ್ಮ ನಾಡಿನ ಅಧ್ಯಯನಕ್ಕೂ ಉಪಯುಕ್ತವಾದುದು. ೧೫೬೫ರ ಯುದ್ಧದ ಅನಂತರ ವಿಜಯನಗರವು ಬೆಂಕಿಗೆ ಈಡಾಯಿತು. ಅಲ್ಲಿಯ ಅರಮನೆಯ ಪ್ರಾಕಾರದಲ್ಲಿರುವ ನೂರು ಕಂಬಗಳ ಸಭಾಮಂಟಪದಲ್ಲಿ ಇಂದು ಕಾಣುವುದು ಕಲ್ಲಿನ ಜಗತಿಯೂ ಹತ್ತು ಸಾಲುಗಳಲ್ಲಿರುವ ಕಂಬಗಳ ನೆಲೆಗಳೂ ಮಾತ್ರ, ಮರದ ಕಂಬಗಳಿಲ್ಲ. ಉಳಿದ ಕಲ್ಲನ್ನು ಮಾತ್ರ ನೋಡಿದವನು ಆ ರಾಜಧಾನಿಯನ್ನು ಕೇವಲ ಶಿಲಾನಗರವೆಂದು ಭಾವಿಸುವನು. ಇಲ್ಲದ ಮರವನ್ನೂ ಲೆಕ್ಕಕ್ಕೆ ತೆಗೆದುಕೊಂಡವನು ಆ ಮರವು ಯಾವ ಕಾಡಿನದು, ಅದನ್ನು ತಂದವರು ಯಾರು, ಕೆತ್ತಿದವರು ಯಾರು ಎಂದು ಕೇಳಲೇಬೇಕಾಗುವುದು.

ಕೃತಿಯೊಂದನ್ನು ವರ್ಣಿಸುವ ವಿದ್ಯಾರ್ಥಿಯು ಅದರ ಶೈಲಿಯೊಡನೆ ದ್ರವ್ಯವನ್ನೂ, ಹಿಂದಿನ ದುರಸ್ತಿಗಳನ್ನೂ, ಇರುವ ಪ್ರತಿಗಳನ್ನೂ, ಸುತ್ತಣ ನೆಲ ನೀರು ಗಿಡಮರಗಳ ಸ್ಥಿತಿಯನ್ನೂ ಬರೆದಿಡುವುದು ಅವಶ್ಯಕ. ಹೋರ್ಯೂಜಿಯ ಗೋಡೆಗಳ ಛಾಯಾಚಿತ್ರಗಳನ್ನು ತೆಗೆದವರು ಹದಿನಾಲ್ಕು ವರ್ಷಗಳ ಅನಂತರ ಬರಲಿದ್ದ ಬೆಂಕಿಯನ್ನು ಬಲ್ಲವರಾಗಿರಲಿಲ್ಲ. ಅವರು ಮಾಡಿದುದು ಅಂದಂದಿನ ಕೆಲಸವನ್ನು ಶ್ರದ್ಧೆಯಿಂದ ಮಾಡುವುದಷ್ಟೇ. ಅದೇ ಮುಂದಿನವರಿಗೆ ಉಳಿದ ಆಧಾರವಾಯಿತು.