ಬಾಣಗಳ ಸಿಕ್ಕನ್ನು ಬಿಡಿಸುವ ಬಗೆ

ಮನೆ ಕಟ್ಟುವಾಗ ತಳಪಾಯದ ನಂತರ ಗೋಡೆ, ಗೋಡೆಯ ನಂತರ ತಾರಸಿ ಎಂಬ ಪೂರ್ವಾಪರ ಸಂಬಂಧವನ್ನು ಚೌಕಗಳಿಂದಲೂ ಅವುಗಳ ನಡುವಿನ ಬಾಣಗಳಿಂದಲೂ ತೋರಿಸಿದರೆ ದೊರೆಯುವ ನಕ್ಷೆಯನ್ನು ಗಣಿತದಲ್ಲಿ ದಿಕ್ಕುಳ್ಳ ಗ್ರಾಫ್ ಎನ್ನುತ್ತಾರೆ. ಹತ್ತು ಚೌಕಗಳ ನಕ್ಷೆಯನ್ನು ಕೈಯಿಂದಲೇ ಬರೆಯಬಹುದು; ಆದರೆ ನೂರಾರು ಕಡತಗಳು ಒಂದನ್ನೊಂದು ಅವಲಂಬಿಸಿರುವ ತಂತ್ರಾಂಶದ ನಕ್ಷೆಯನ್ನು ಬರೆಯಹೊರಟರೆ ಬಾಣಗಳು ನೂಲಿನ ಸಿಕ್ಕಿನಂತೆ ಹೆಣೆದುಕೊಂಡು, ಯಾವುದರಿಂದ ಯಾವುದು ಎಂಬುದೇ ಕಾಣದಾಗುತ್ತದೆ. ಚೌಕಗಳ ಸ್ಥಾನವನ್ನು ಕಂಪ್ಯೂಟರೇ ನಿರ್ಧರಿಸುವ ಸ್ವಯಂಚಾಲಿತ ವಿನ್ಯಾಸದ ಅಗತ್ಯ ಹುಟ್ಟಿದ್ದು ಇಲ್ಲಿಯೇ.

ಜಪಾನಿನ ಸುಗಿಯಾಮಾ, ತಗಾವಾ ಮತ್ತು ತೋದಾ 1981ರಲ್ಲಿ ಪ್ರಕಟಿಸಿದ ವಿಧಾನವೇ ಇದಕ್ಕೆ ಇಂದಿಗೂ ಆಧಾರ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಗ್ರಾಫ್‌ವಿಜ್‌ನ 'ಡಾಟ್' ಕಾರ್ಯಕ್ರಮವೂ ಡೆಸ್ಕ್‌ಟಾಪಿನಲ್ಲಿ ಬಳಸುವ ವೈಎಡ್‌ನ ಶ್ರೇಣಿ ವಿನ್ಯಾಸವೂ ಅದೇ ಜಾಡಿನವು. ಸುತ್ತಿ ಬಂದು ಹೊರಟಲ್ಲಿಗೇ ಸೇರುವ ಬಾಣಗಳಿದ್ದರೆ ಕೆಲವನ್ನು ತಾತ್ಕಾಲಿಕವಾಗಿ ತಿರುಗಿಸಿ ಆವರ್ತವನ್ನು ಮುರಿಯುವುದು ಮೊದಲ ಕೆಲಸ. ಅನಂತರ ಬಾಣಗಳೆಲ್ಲ ಮೇಲಿನಿಂದ ಕೆಳಗಿಳಿಯುವಂತೆ ಚೌಕಗಳನ್ನು ಸಾಲುಗಳಿಗೆ ಹಂಚಿ, ಒಂದಕ್ಕಿಂತ ಹೆಚ್ಚು ಸಾಲುಗಳನ್ನು ದಾಟುವ ಉದ್ದನೆಯ ಬಾಣದ ದಾರಿಯಲ್ಲಿ ಪ್ರತಿ ಸಾಲಿಗೂ ಒಂದೊಂದು ಹುಸಿ ಬಿಂದುವನ್ನು ಇಡಲಾಗುತ್ತದೆ. ಕಣ್ಣಿಗೆ ಕಾಣದ ಈ ಬಿಂದುಗಳೇ ಬಾಣಕ್ಕೆ ಚೌಕಗಳ ನಡುವೆ ಜಾಗ ಕಾಯ್ದಿರಿಸುತ್ತವೆ.

ನಿಜವಾದ ಕಷ್ಟವಿರುವುದು ಪ್ರತಿ ಸಾಲಿನೊಳಗಿನ ಎಡ-ಬಲ ಕ್ರಮವನ್ನು ನಿರ್ಧರಿಸುವಲ್ಲಿ, ಏಕೆಂದರೆ ಬಾಣಗಳು ಎಷ್ಟು ಸಲ ಒಂದನ್ನೊಂದು ಕತ್ತರಿಸುತ್ತವೆ ಎಂಬುದು ಆ ಕ್ರಮದಿಂದಲೇ ತೀರ್ಮಾನವಾಗುತ್ತದೆ. ಹತ್ತು ಚೌಕಗಳ ಒಂದೇ ಸಾಲನ್ನು 36,28,800 ಬಗೆಯಲ್ಲಿ ಜೋಡಿಸಬಹುದು. ಎರಡೇ ಸಾಲುಗಳಿದ್ದು ಅವುಗಳಲ್ಲಿ ಒಂದರ ಕ್ರಮ ನಿಗದಿಯಾಗಿದ್ದರೂ ಅತಿ ಕಡಿಮೆ ಛೇದಗಳ ಜೋಡಣೆಯನ್ನು ಎಲ್ಲ ಸಂದರ್ಭದಲ್ಲಿಯೂ ಬೇಗ ಹುಡುಕಿಕೊಡುವ ವಿಧಾನ ಈವರೆಗೆ ದೊರೆತಿಲ್ಲ. ಆದ್ದರಿಂದ ಪ್ರತಿ ಚೌಕವನ್ನೂ ಪಕ್ಕದ ಸಾಲಿನಲ್ಲಿರುವ ಅದರ ನಂಟಿನ ಚೌಕಗಳ ಸರಾಸರಿ ಸ್ಥಾನಕ್ಕೋ ನಡುವಿನ ಸ್ಥಾನಕ್ಕೋ ತಂದು, ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಹಲವು ಸಲ ಹಾಯ್ದು ತಿದ್ದಲಾಗುತ್ತದೆ. ಒಂದು ಸಾಲು ಸ್ಥಿರವಾಗಿದ್ದಾಗ, ನಡುವಿನ ಸ್ಥಾನದ ಕ್ರಮದಿಂದ ಉಂಟಾಗುವ ಛೇದಗಳು ಸಾಧ್ಯವಿರುವ ಕನಿಷ್ಠದ ಮೂರು ಪಟ್ಟನ್ನು ಮೀರುವುದಿಲ್ಲ ಎಂದು ಈಡ್ಸ್ ಮತ್ತು ವರ್ಮಲ್ಡ್ ಸಾಧಿಸಿ ತೋರಿಸಿದ್ದಾರೆ. ಇಷ್ಟು ಸರಳವಾದ ಉಪಾಯಕ್ಕೆ ಇಂಥ ಖಾತರಿ ದೊರೆತಿರುವುದು ಈ ಶಾಸ್ತ್ರದ ಚೆಲುವುಗಳಲ್ಲೊಂದು. ಚೌಕಗಳ ನಡುವಿನ ಅಂತರವನ್ನು ಗೊತ್ತುಮಾಡಿ, ತಿರುಗಿಸಿದ್ದ ಬಾಣಗಳನ್ನು ಮೊದಲಿನ ದಿಕ್ಕಿಗೆ ತಂದರೆ ನಕ್ಷೆ ಸಿದ್ಧವಾಗುತ್ತದೆ.

ಡೆಸ್ಕ್‌ಟಾಪ್ ಕಾರ್ಯಕ್ರಮದಲ್ಲಾದರೋ ನಕ್ಷೆ ಒಮ್ಮೆ ಬರೆದು ಮುಗಿಯುವಂಥದಲ್ಲ. ಬಳಕೆದಾರರು ಚೌಕಗಳನ್ನು ಸೇರಿಸುತ್ತಲೂ ಅಳಿಸುತ್ತಲೂ ಇರುತ್ತಾರೆ. ಒಂದು ಬಾಣ ಸೇರಿದ ಮಾತ್ರಕ್ಕೆ ಎಲ್ಲ ಚೌಕಗಳೂ ಜಾಗ ಬದಲಿಸಿದರೆ, ಯಾವುದು ಎಲ್ಲಿತ್ತೆಂದು ಅವರು ಮನಸ್ಸಿನಲ್ಲಿ ಮೂಡಿಸಿಕೊಂಡಿದ್ದ ಚಿತ್ರ ಕದಡಿಹೋಗುತ್ತದೆ. ಈ ಚಿತ್ರಕ್ಕೆ 'ಮನೋನಕ್ಷೆ' ಎಂಬ ಹೆಸರಿದ್ದು, ಅದನ್ನು ಉಳಿಸಿಕೊಳ್ಳುವ ಬಗೆಯನ್ನು ಕುರಿತು 1995ರಲ್ಲಿ ಪ್ರಕಟವಾದ ಪ್ರಬಂಧದ ಕರ್ತೃಗಳಲ್ಲಿ ಸುಗಿಯಾಮಾ ಅವರೂ ಒಬ್ಬರು. ಒಂದೆರಡು ಛೇದಗಳು ಹೆಚ್ಚಾದರೂ ಹಳೆಯ ಚೌಕಗಳನ್ನು ಇದ್ದಲ್ಲೇ ಇರಗೊಟ್ಟು, ಇಡೀ ನಕ್ಷೆಯನ್ನು ಹೊಸದಾಗಿ ಜೋಡಿಸುವ ತೀರ್ಮಾನವನ್ನು ಬಳಕೆದಾರರಿಗೇ ಬಿಡುವ ಕಾರ್ಯಕ್ರಮವೇ ಮೇಲು.