ವೈದ್ಯರ ಮೌನವೂ ರೋಗಿಯ ರಕ್ಷೆಯೂ

ಎಚ್.ಐ.ವಿ. ಸೋಂಕುಳ್ಳವರಿಗೆ ವರ್ಷಕ್ಕೊಮ್ಮೆ ಇನ್‌ಫ್ಲುಯೆಂಜಾ ಲಸಿಕೆ ಹಾಕುವುದು ಹಿತವೆಂಬುದು ವೈದ್ಯಶಾಸ್ತ್ರವು ಒಪ್ಪಿದ ಮಾತಾಗಿದೆ. ಆದರೂ ಚಿಕಿತ್ಸಾಲಯಗಳಲ್ಲಿ ಕೆಲವು ವೈದ್ಯರೂ ದಾದಿಯರೂ ಈ ವಿಷಯದಲ್ಲಿ ಮೌನ ವಹಿಸುವುದುಂಟು. ಕ್ಷೀಣಿಸಿದ ದೇಹಕ್ಕೆ ಲಸಿಕೆ ಹತ್ತದು, ಹತ್ತಿದರೂ ಇದ್ದ ರೋಗವನ್ನು ಕೆರಳಿಸೀತು ಎಂಬುದು ಅವರ ಶಂಕೆ. ಈ ಶಂಕೆಯು ಕೇವಲ ನಿರಾಧಾರವೆಂದು ನಾವು ಹೇಳೆವು. ರಕ್ತದಲ್ಲಿ ಸಿ.ಡಿ.4 ಕಣಗಳು ತೀರ ಕಡಮೆಯಾದವರಲ್ಲಿ ಲಸಿಕೆಯ ಫಲವು ಕುಗ್ಗುವುದು ನಿಜ. ಆದರೆ ಫಲವು ಕುಗ್ಗುವುದು ಬೇರೆ, ಫಲವೇ ಇಲ್ಲವೆಂಬುದು ಬೇರೆ.

ದಕ್ಷಿಣ ಆಫ್ರಿಕದ ಅನುಭವವನ್ನು ವಾಚಕರು ಪರಾಂಬರಿಸಬೇಕು. ಎಚ್.ಐ.ವಿ. ಪೀಡಿತರು ಬೇರಾವ ದೇಶಕ್ಕಿಂತಲೂ ಹೆಚ್ಚಾಗಿರುವ ಆ ನಾಡಿನ ಸೋಂಕುಳ್ಳ ವಯಸ್ಕರಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಲಸಿಕೆಯು ನೂರಕ್ಕೆ ಸುಮಾರು 75ರಷ್ಟು ರಕ್ಷಣೆಯನ್ನಿತ್ತಿತು. ಸೊವೆಟೊದಲ್ಲಿ ಸೋಂಕುಳ್ಳ ಗರ್ಭಿಣಿಯರಿಗೂ ಅರ್ಧಕ್ಕೆ ಮಿಕ್ಕ ರಕ್ಷಣೆ ದೊರೆಯಿತೆಂದು 2014ರಲ್ಲಿ ಪ್ರಕಟವಾಯಿತು.

ಚುಚ್ಚಿ ಹಾಕುವ ಈ ಲಸಿಕೆಯಲ್ಲಿ ಜೀವಂತ ರೋಗಾಣುವಿಲ್ಲ. ಅದರಿಂದ ಇನ್‌ಫ್ಲುಯೆಂಜಾ ಬಾರದು. ಮೂಗಿಗೆ ಸಿಂಪಡಿಸುವ ಜೀವಂತ ಲಸಿಕೆಯು ಮಾತ್ರ ಇವರಿಗೆ ವಿಹಿತವಲ್ಲ. ಈ ಭೇದವನ್ನು ತಿಳಿಯಹೇಳುವ ಹೊಣೆ ಯಾರದು? ರೋಗಿಯು ಲಸಿಕೆಯನ್ನು ಒಪ್ಪುವುದೂ ಬಿಡುವುದೂ ಬಹುಮಟ್ಟಿಗೆ ತನ್ನನ್ನು ಉಪಚರಿಸುವವರ ಮಾತನ್ನು ನೆಚ್ಚಿಯೇ. ವರ್ಷವರ್ಷವೂ ತಾವೇ ಮೊದಲು ತೋಳೊಡ್ಡಿ ಲಸಿಕೆ ಹಾಕಿಸಿಕೊಂಡವರ ಮಾತಿಗೆ ತೂಕ ಹೆಚ್ಚು. ಅವರಿಂದ ರೋಗಿಗೆ ಜ್ವರ ತಗಲುವ ಭಯವೂ ಕಡಮೆ. ವೈದ್ಯರಿಗೆ ಸಂದೇಹವಿದ್ದರೆ ವಿಚಾರಿಸಿ ತೀರಿಸಿಕೊಳ್ಳಲಿ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಸುಮ್ಮನಿದ್ದರೆ, ಆ ಮೌನದ ದಂಡವನ್ನು ತೆರುವವನು ರೋಗಿಯೇ ಹೊರತು ವೈದ್ಯನಲ್ಲ.