ರೋಗ ತರುವ ಯೀಸ್ಟಿನ ಮನೆಯೊಳಗೆ

ಪಶ್ಚಿಮ ಘಟ್ಟದ ಬುಡದಲ್ಲಿರುವ ತೇವಾರಂ, ಕಂಬಂ ಕಣಿವೆಯ ಕಡೆ ಮನೆಯಲ್ಲಿ ಕನ್ನಡ, ಹೊರಗೆ ತಮಿಳು ಆಡುವ ಕುಟುಂಬಗಳಿವೆ. ಆ ಕಣಿವೆ ದ್ರಾಕ್ಷಿಗೆ ಹೆಸರಾದದ್ದು. ದ್ರಾಕ್ಷಿಯ ಮೇಲಿನ ಬಿಳಿ ಪುಡಿಯನ್ನು ಯೀಸ್ಟ್ ಎಂದು ಅನೇಕರು ತಿಳಿಯುವುದುಂಟು. ಅದು ಹಣ್ಣೇ ಸೂಸಿದ ಮೇಣ. ಸಿಪ್ಪೆಯ ಮೇಲೆ ಯೀಸ್ಟ್ ಇರುವುದು ನಿಜ, ಆದರೆ ಬರಿಗಣ್ಣಿಗೆ ಕಾಣದು. ಹಿಂಡಿಟ್ಟ ರಸ ಹುಳಿತು ನೊರೆಯೇಳುವುದು ಇದರ ಕೆಲಸದಿಂದಲೇ.

ರೊಟ್ಟಿ, ಬನ್ನುಗಳನ್ನು ಉಬ್ಬಿಸುವ ಯೀಸ್ಟ್ ನಮ್ಮ ಗೆಳೆಯ. ಆದರೆ ಅದರ ಬಳಗದಲ್ಲಿ ರೋಗ ತರುವವೂ ಉಂಟು. ಕ್ಯಾಂಡಿಡಾ ಆಲ್ಬಿಕನ್ಸ್ ಎಂಬುದು ಆರೋಗ್ಯವಂತರ ಬಾಯಿ, ಕರುಳುಗಳಲ್ಲಿಯೂ ಸುಮ್ಮನೆ ಇದ್ದು, ದೇಹ ಸೊರಗಿದಾಗ ತಲೆಯೆತ್ತುತ್ತದೆ. ಎಳೆಗೂಸಿನ ಬಾಯಲ್ಲಿ ಕಾಣುವ ಬಿಳಿಯ ಅಗ್ರು ಹೆಚ್ಚಾಗಿ ಇದರದೇ. ಪಾರಿವಾಳದ ಹಿಕ್ಕೆಯಲ್ಲಿ ಬೆಳೆಯುವ ಕ್ರಿಪ್ಟೋಕಾಕಸ್, ಉಸಿರಿನೊಡನೆ ಶ್ವಾಸಕೋಶ ಸೇರಿ, ನಿಶ್ಶಕ್ತರಲ್ಲಿ ಮಿದುಳಿನ ಪೊರೆಯನ್ನೂ ಮುಟ್ಟುತ್ತದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವೆರಡನ್ನೂ ಅತಿ ಗಂಭೀರ ಶಿಲೀಂಧ್ರಗಳ ಗುಂಪಿಗೆ ಸೇರಿಸಿತು.

ಈ ಜೀವಕೋಶವನ್ನು ಒಂದು ಮನೆ ಎಂದುಕೊಳ್ಳೋಣ. ಹೊರಗೆ ಗಟ್ಟಿ ಗೋಡೆ. ಏಡಿಯ ಚಿಪ್ಪಿನಲ್ಲಿರುವ ಕೈಟಿನ್ ಇದರಲ್ಲಿಯೂ ಇದೆ. ಜೊತೆಗೆ ಗ್ಲೂಕನ್ ಎಂಬ ಸಕ್ಕರೆಯ ಸರಪಳಿ. ಕ್ರಿಪ್ಟೋಕಾಕಸ್ ಗೋಡೆಯ ಹೊರಗೆ ಅಂಟಾದ ಕವಚವನ್ನೂ ಹೊದೆಯುತ್ತದೆ. ನಮ್ಮ ಬಿಳಿ ರಕ್ತಕಣಗಳು ಅದನ್ನು ನುಂಗಲು ಕಷ್ಟ. ಗೋಡೆಯೊಳಗೆ ತೆಳು ಪೊರೆ. ಅದರೊಳಗೆ ವಂಶದ ಗುಟ್ಟನ್ನು ಕಾಯುವ ನ್ಯೂಕ್ಲಿಯಸ್, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ, ಪ್ರೋಟೀನು ಹೆಣೆಯುವ ರೈಬೊಸೋಮ್, ಉಗ್ರಾಣದಂಥ ರಸಕುಹರ.

ನಮ್ಮ ಜೀವಕೋಶದಲ್ಲಿಯೂ ನ್ಯೂಕ್ಲಿಯಸ್, ಮೈಟೊಕಾಂಡ್ರಿಯಾ ಇವೆಯಲ್ಲವೆ? ತೊಡಕು ಇರುವುದು ಇಲ್ಲಿಯೇ. ಬ್ಯಾಕ್ಟೀರಿಯಾ ನಮಗೆ ದೂರದವರು. ಅವರಿಗೆ ಮಾತ್ರ ತಾಗುವ ಮದ್ದು ಹುಡುಕುವುದು ಅಷ್ಟು ಕಷ್ಟವಲ್ಲ. ಯೀಸ್ಟ್ ನಮ್ಮ ಹತ್ತಿರದ ನೆಂಟ. ಅದನ್ನು ಕೊಂದು ನಮ್ಮನ್ನು ಉಳಿಸುವ ಮದ್ದು ಕೆಲವೇ. ಯೀಸ್ಟಿನ ಪೊರೆಯಲ್ಲಿ ಎರ್ಗೊಸ್ಟೆರಾಲ್, ನಮ್ಮದರಲ್ಲಿ ಕೊಲೆಸ್ಟೆರಾಲ್. ಈ ಸಣ್ಣ ವ್ಯತ್ಯಾಸವೇ ವೈದ್ಯರ ಹಿಡಿ. ಆಂಫೊಟೆರಿಸಿನ್ ಎರ್ಗೊಸ್ಟೆರಾಲನ್ನು ಹಿಡಿದು ಪೊರೆ ಕೆಡಿಸುತ್ತದೆ. ಫ್ಲುಕೊನಜೋಲ್ ಅದರ ತಯಾರಿಕೆಯನ್ನೇ ತಡೆಯುತ್ತದೆ.

ಪೆನಿಸಿಲಿನ್ ಒಡೆಯುವುದು ಬ್ಯಾಕ್ಟೀರಿಯಾದ ಗೋಡೆಯನ್ನು. ಯೀಸ್ಟಿನ ಗೋಡೆಯೇ ಬೇರೆ, ಅದಕ್ಕೆ ಇದು ತಾಗದು. ಬದಲಿಗೆ ಬಾಯಿ, ಕರುಳುಗಳ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಯೀಸ್ಟಿಗೆ ಜಾಗ ಸಿಗುತ್ತದೆ. ಆದುದರಿಂದ ಪಾಲಕರಲ್ಲಿ ನಮ್ಮ ವಿನಂತಿ: ಚೀಟಿಯಿಲ್ಲದೆ ಅಂಗಡಿಯಿಂದ ಮಾತ್ರೆ ತಂದು ಮಕ್ಕಳಿಗೆ ನುಂಗಿಸಬೇಡಿ. ಯಾವ ಜೀವಿಯ ರೋಗವೆಂದು ತಿಳಿದ ಮೇಲೆಯೇ ಮದ್ದು.